ತರಗತಿ ಬ್ಲಾಗ್ ಮುಚ್ಚಿ, ವಾಟ್ಸಾಪ್ ಗ್ರೂಪ್ ಸಾಕು ಅಂತಾರೆ. ಏನು ಮಾಡಲಿ?

ಒಂಬತ್ತನೇ ಕ್ಲಾಸ್ ಮಿಸ್ · ಭಾನುವಾರ ಬೆಳಗ್ಗೆ 10.40

ಎಲ್ಲರಿಗೂ ನಮಸ್ಕಾರ. ನಾನು ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಊರಿನ ಹೆಸರು ಬೇಡ ಬಿಡಿ. ಹೋದ ವರ್ಷ ಜುಲೈನಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ ಅಂತ ಒಂದು ಬ್ಲಾಗ್ ಶುರು ಮಾಡಿದೆ. ಗೂಗಲ್‌ನವರ ಬ್ಲಾಗರ್‌ನಲ್ಲಿ, ದುಡ್ಡು ಖರ್ಚಿಲ್ಲ. ಒಟ್ಟು 37 ಮಕ್ಕಳು.

ಯಾಕೆ ಶುರು ಮಾಡಿದೆ ಅಂದರೆ, "ನನ್ನ ಊರು" ಅಂತ ಪ್ರಬಂಧ ಕೊಟ್ಟರೆ 37 ಜನವೂ ಗೈಡ್ ನೋಡಿ ಒಂದೇ ಥರ ಬರೆಯುತ್ತಿದ್ದರು. "ನಮ್ಮ ಊರು ಸುಂದರವಾದ ಊರು. ಸುತ್ತಲೂ ಹಚ್ಚ ಹಸಿರಿದೆ." ಜಗಳೂರು ಕಡೆ ಎಲ್ಲಿದೆ ಸ್ವಾಮಿ ಹಚ್ಚ ಹಸಿರು? ನೋಟ್‌ಬುಕ್ ನಾನೊಬ್ಬಳೇ ಓದೋದು, ಕೆಂಪು ಪೆನ್ನಲ್ಲಿ ಗೀಟು ಹಾಕೋದು, ಅಷ್ಟೇ ಅಂತ ಅವರಿಗೂ ಗೊತ್ತು.

ಬ್ಲಾಗಿಗೆ ಅಂತ ಹೇಳಿದ ಮೇಲೆ ಒಬ್ಬಳು ಅವರ ಹೊಲದಲ್ಲಿ ಬೋರ್ ಕೊರೆಸಿದ ರಾತ್ರಿಯ ಬಗ್ಗೆ ಬರೆದಳು. ಮೂರನೇ ಬೋರು. ಲಾರಿ ಬಂದು ನಿಂತಿದ್ದು, ಊರವರೆಲ್ಲ ಟಾರ್ಚ್ ಹಿಡಿದು ಸುತ್ತ ಕೂತಿದ್ದು, ಅಜ್ಜಿ ತೆಂಗಿನಕಾಯಿ ಹಿಡಿದುಕೊಂಡೇ ನಿದ್ದೆ ಹೋಗಿದ್ದು, ಬೆಳಗಿನ ಜಾವದವರೆಗೂ ಬರೀ ಬಿಳಿ ಪುಡಿ ಬಂದಿದ್ದು. 420 ಅಡಿಗೆ ನಿಲ್ಲಿಸಿದರು ಅಂತ ಬರೆದಿದ್ದಳು. ಒಂದು ವಾರದ ಮೇಲೆ ಕೆಳಗೆ ಕಾಮೆಂಟ್ ಬಂತು. ಅದೇ ಊರಿನವರು, ಈಗ ಬೆಂಗಳೂರಿನಲ್ಲಿ ಗಾಡಿ ಓಡಿಸುವವರು. "ಆ ರಾತ್ರಿ ನಾನೂ ಇದ್ದೆ ಕಣಮ್ಮ. 420 ಅಲ್ಲ, 460 ಅಡಿ." ಹುಡುಗಿ ಒಪ್ಪಲಿಲ್ಲ. ಮಾರನೇ ದಿನ ಅಪ್ಪನ ಟ್ರಂಕಿನಿಂದ ಬೋರಿನವರ ಬಿಲ್ಲನ್ನೇ ತಂದು ನನ್ನ ಮೇಜಿನ ಮೇಲೆ ಇಟ್ಟಳು. 460. ಅವಳೇ ಕೂತು ತಿದ್ದಿದಳು. ಹದಿಮೂರು ವರ್ಷದಿಂದ ಪಾಠ ಮಾಡ್ತಿದ್ದೇನೆ, ಒಂದು ಮಗು ತಾನು ಬರೆದ ಅಂಕಿ ಸರಿಯಾ ಅಂತ ದಾಖಲೆ ಹುಡುಕಿದ್ದು ನಾನು ನೋಡಿರಲಿಲ್ಲ.

ಈಗ ತಕರಾರು. ಇನ್ನೊಬ್ಬ ಹುಡುಗಿಯ ಬರಹದ ಜೊತೆ ಅವಳ ಫೋಟೋ ಹಾಕಿದ್ದೆ, ಹೆಸರು, ಊರು ಎಲ್ಲ ಇತ್ತು. ಅವರಪ್ಪನಿಗೆ ಯಾರೋ ಟೀ ಅಂಗಡಿಯಲ್ಲಿ ಮೊಬೈಲ್ ತೋರಿಸಿ "ನಿನ್ನ ಮಗಳು ನೆಟ್‌ನಲ್ಲಿ ಬಂದವಳೆ" ಅಂದರಂತೆ. ಅವರು ನೇರ ಶಾಲೆಗೇ ಬಂದರು. ನಾನು ಅಲ್ಲೇ ತೆಗೆದು ಹಾಕಿದೆ, ಕ್ಷಮೆಯನ್ನೂ ಕೇಳಿದೆ. ತಪ್ಪು ನನ್ನದೇ. ಆದರೆ ಹೆಡ್‌ಮಾಸ್ಟರ್ ಈಗ "ಬ್ಲಾಗೇ ಬೇಡ ಮೇಡಂ, ವಾಟ್ಸಾಪ್ ಗ್ರೂಪ್ ಇದೆಯಲ್ಲ, ಅದರಲ್ಲೇ ಹಾಕಿ" ಅಂತಿದ್ದಾರೆ. ಅವರು ಕೆಟ್ಟವರಲ್ಲ, ಹೆದರಿದ್ದಾರೆ. ಬರುವ ಶನಿವಾರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ತೀರ್ಮಾನ. ನೀವುಗಳು ಯಾರಾದರೂ ಇಂಥದ್ದು ಮಾಡಿದ್ದೀರಾ? ಉಳಿಸಿಕೊಳ್ಳೋದು ಹೇಗೆ? ಅಥವಾ ಉಳಿಸಿಕೊಳ್ಳಲೇಬೇಕಾ?

ಮಂಡಕ್ಕಿ ಮಿರ್ಚಿ

ಬೋರಿನ ಕತೆ ಓದಬೇಕಲ್ಲ ಮೇಡಂ. ಲಿಂಕ್ ಹಾಕಿ.

ಒಂಬತ್ತನೇ ಕ್ಲಾಸ್ ಮಿಸ್

ಅದೇ ತಾನೇ ಈಗ ತಕರಾರು! ಹಾಕಲ್ಲ.

ಕೆರೆ ಏರಿ

ನಾನು ಚನ್ನಗಿರಿ ಕಡೆ ಗಣಿತ ಮೇಷ್ಟ್ರು. ವಾಟ್ಸಾಪ್ ಗ್ರೂಪ್ ಸಾಕು ಅನ್ನುವವರು ಒಂದು ದಿನ ನಮ್ಮ ಶಾಲೆ ಗ್ರೂಪಿನಲ್ಲಿ ಇದ್ದು ನೋಡಲಿ. ಬೆಳಗ್ಗೆ ಆರಕ್ಕೆ ಗುಲಾಬಿ ಹೂವಿನ ಜೊತೆ ಶುಭೋದಯ. ಆಮೇಲೆ ಮಳೆ ರಜೆ ಇದೆಯಾ ಅಂತ ಹನ್ನೊಂದು ಜನರ ಪ್ರಶ್ನೆ. ಆಮೇಲೆ ಯಾವುದೋ ಪಕ್ಷದ ವಿಡಿಯೋ, ಅದಕ್ಕೆ ಒಬ್ಬರು ಕೈ ಮುಗಿದಿದ್ದು, ಇನ್ನೊಬ್ಬರು ಸಿಟ್ಟಾಗಿದ್ದು. ಇದರ ಮಧ್ಯೆ ಒಬ್ಬ ಹುಡುಗ ತ್ರಿಕೋನಮಿತಿಯ ಲೆಕ್ಕದ ಫೋಟೋ ಹಾಕಿ "ಸರ್ ಮೂರನೇ ಹೆಜ್ಜೆ ಹೇಗೆ ಬಂತು" ಅಂತ ಕೇಳಿದ್ದ. ನಾನು ನೋಡಿದ್ದು ಮೂರು ದಿನದ ಮೇಲೆ. ಅಷ್ಟರಲ್ಲಿ ಟೆಸ್ಟ್ ಮುಗಿದಿತ್ತು.

ಗ್ರೂಪು ಅಂದರೆ ಬಸ್ ಸ್ಟ್ಯಾಂಡಿನ ಮೈಕ್ ಇದ್ದ ಹಾಗೆ. ಹೇಳಿದ್ದು ಆ ಗಳಿಗೆಗೆ ಕೇಳಿಸುತ್ತೆ, ಅಷ್ಟೇ. ಹೋದ ವರ್ಷ ಏನು ಕಲಿತೆವು ಅಂತ ಅಲ್ಲಿ ಹುಡುಕೋಕೆ ಆಗಲ್ಲ. ಫೋನ್ ಬದಲಾಯಿಸಿದರೆ ಅದೂ ಹೋಯಿತು. ಬ್ಲಾಗಿನಲ್ಲಿ ತಿಂಗಳು, ವರ್ಷ ಅಂತ ಜೋಡಿಸಿ ಇಟ್ಟಿರುತ್ತೆ. ಅದಕ್ಕೇ ನಾನು ನೋಟ್ಸ್ ಎಲ್ಲ ಬ್ಲಾಗಿಗೆ ಹಾಕಿ, ಲಿಂಕ್ ಮಾತ್ರ ಗ್ರೂಪಿಗೆ ಕಳಿಸುತ್ತೇನೆ. ಎರಡೂ ಬೇಕು, ಆದರೆ ಎರಡರ ಕೆಲಸ ಬೇರೆ ಬೇರೆ.

ಇಬ್ಬರ ಅಮ್ಮ

ನಾನು ದಾವಣಗೆರೆಯಲ್ಲಿರುವ ಪೋಷಕಿ, ಟೀಚರ್ ಅಲ್ಲ. ಇಬ್ಬರು ಮಕ್ಕಳಿಗೆ ಸೇರಿ ನನ್ನ ಫೋನಿನಲ್ಲಿ ಏಳು ಗ್ರೂಪ್ ಇವೆ. ರಾತ್ರಿ 10.20ಕ್ಕೆ "ನಾಳೆ ಮಕ್ಕಳು ಹಸಿರು ಬಟ್ಟೆ ಹಾಕಿಕೊಂಡು, ಒಂದು ಸೊಪ್ಪಿನ ಕಟ್ಟು ತರಬೇಕು" ಅಂತ ಮೆಸೇಜ್ ಬರುತ್ತೆ. ಆ ಹೊತ್ತಿಗೆ ಮಾರ್ಕೆಟ್‌ನಲ್ಲಿ ಯಾರು ಕೂತಿರ್ತಾರೆ ಸೊಪ್ಪು ಇಟ್ಟುಕೊಂಡು?

ಆದರೂ ಮೇಡಂ, ಆ ಅಪ್ಪನ ಸಿಟ್ಟು ನನಗೆ ಅರ್ಥ ಆಗುತ್ತೆ. ಹುಡುಗಿ, ಫೋಟೋ, ಊರಿನ ಹೆಸರು, ಯಾವ ಸ್ಕೂಲು, ಎಲ್ಲ ಒಂದೇ ಪುಟದಲ್ಲಿ. ನನ್ನ ಮಗಳದ್ದು ಆಗಿದ್ದರೆ ನಾನೂ ಬಂದು ಕೇಳುತ್ತಿದ್ದೆ. ನೀವು ಒಳ್ಳೆಯ ಮನಸ್ಸಿನಿಂದಲೇ ಹಾಕಿದಿರಿ, ನೋಡುವವರೆಲ್ಲ ಒಳ್ಳೆಯ ಮನಸ್ಸಿನವರು ಅಂತ ಹೇಳೋಕಾಗಲ್ಲ ಅಲ್ವಾ.

ಫಲಿತಾಂಶ ಮುಖ್ಯ

ಬೇಜಾರು ಮಾಡಿಕೊಳ್ಳಬೇಡಿ. ಎಸ್ಸೆಸ್ಸೆಲ್ಸಿಯಲ್ಲಿ "ಬ್ಲಾಗ್ ಬರೆಯಿರಿ" ಅಂತ ಪ್ರಶ್ನೆ ಬರಲ್ಲ. ಅರ್ಧ ಕ್ಲಾಸಿಗೆ ಒತ್ತಕ್ಷರ ಸರಿಯಾಗಿ ಬರಲ್ಲ, ಅವರಿಗೆ ಇಂಟರ್‌ನೆಟ್ ತೋರಿಸೋದು ಯಾಕೆ? ಇವೆಲ್ಲ ಟೀಚರುಗಳ ಶೋಕಿ. ಪೇಪರಿನಲ್ಲಿ ಬರುತ್ತೆ, ಒಂದು ಪ್ರಶಸ್ತಿ ಸಿಗುತ್ತೆ, ವರ್ಗಾವಣೆ ಆಗುತ್ತೆ, ಬ್ಲಾಗು ಅನಾಥ.

ಕೆರೆ ಏರಿ

ವರ್ಗಾವಣೆ ಆದರೆ ಬ್ಲಾಗ್ ಅನಾಥ ಅನ್ನೋದು ಮಾತ್ರ ನಿಜ. ಒಪ್ಪಿದೆ. ಉಳಿದಿದ್ದಕ್ಕೆ ಆಮೇಲೆ ಬರುತ್ತೇನೆ, ಎಮ್ಮೆ ಹಾಲು ಕರೆಯುವ ಹೊತ್ತು.

ಕೈಬರಹ

ನನಗೆ ವಯಸ್ಸಾಗಿದೆ, ನಿವೃತ್ತನಾಗಿ ಬಹಳ ವರ್ಷ ಆಯಿತು. ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ನೀವು ಹೇಳುವ ಬ್ಲಾಗು ಚಿತ್ರದುರ್ಗದ ನಮ್ಮ ಹೈಸ್ಕೂಲಿನಲ್ಲಿ 1980ರ ದಶಕದಲ್ಲೇ ಇತ್ತು, ಕರೆಂಟು ಮಾತ್ರ ಬೇಕಿರಲಿಲ್ಲ. ಕೈಬರಹದ ಪತ್ರಿಕೆ. ಮೂರು ತಿಂಗಳಿಗೆ ಒಂದು ಸಂಚಿಕೆ, ಒಂದೇ ಪ್ರತಿ. ಅಕ್ಷರ ಚೆನ್ನಾಗಿದ್ದ ಇಬ್ಬರು ಹುಡುಗರು ಬಿಳಿ ಹಾಳೆಯಲ್ಲಿ ಬರೆಯುತ್ತಿದ್ದರು, ಒಬ್ಬ ಚಿತ್ರ ಬಿಡಿಸುತ್ತಿದ್ದ, ದಾರದಲ್ಲಿ ಹೊಲಿಯುತ್ತಿದ್ದೆವು. ಆಮೇಲೆ ಅದು ಮನೆಯಿಂದ ಮನೆಗೆ ಹೋಗೋದು. ಒಂದು ಮನೆಯಲ್ಲಿ ಎರಡು ರಾತ್ರಿ. ವಾಪಸ್ ಬರುವ ಹೊತ್ತಿಗೆ ಅರಿಸಿನದ ಕಲೆ, ಎಣ್ಣೆಯ ಕಲೆ ಎಲ್ಲ ಇರುತ್ತಿತ್ತು. ಕೊನೆಗೆ ನಾಲ್ಕು ಖಾಲಿ ಹಾಳೆ ಬಿಟ್ಟಿರುತ್ತಿದ್ದೆವು, ಓದಿದವರು ಬರೆಯಲಿ ಅಂತ.

ಒಬ್ಬ ಹುಡುಗ ಚಂದ್ರವಳ್ಳಿಯ ಬಗ್ಗೆ ಬರೆದಿದ್ದ. ಕದಂಬ ದೊರೆ ಮಯೂರವರ್ಮ ಅಲ್ಲಿ ಕೆರೆ ಕಟ್ಟಿಸಿದ ಅಂತ. ಪತ್ರಿಕೆ ಯಾರದೋ ಮನೆಗೆ ಹೋಗಿ ಬಂದಾಗ ಖಾಲಿ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಹೀಗಿತ್ತು: "ಬಂಡೆಯ ಶಾಸನದಲ್ಲಿ ಮಯೂರಶರ್ಮ ಅಂತ ಇದೆ, ಹೋಗಿ ನೋಡು." ಯಾರು ಬರೆದರೋ ಇವತ್ತಿಗೂ ಗೊತ್ತಿಲ್ಲ. ಭಾನುವಾರ ಆ ಹುಡುಗನ ಜೊತೆ ಇಪ್ಪತ್ತು ಜನ ನಡೆದುಕೊಂಡು ಚಂದ್ರವಳ್ಳಿಗೆ ಹೋದರು. ಶಾಸನ ಅವರಿಗೆಲ್ಲಿ ಓದೋಕೆ ಬರುತ್ತೆ, ಬ್ರಾಹ್ಮಿ ಲಿಪಿ. ಆದರೂ ಹೋದರು. 1947ರಲ್ಲಿ ಪುರಾತತ್ವದ ವೀಲರ್ ಸಾಹೇಬರು ಅಗೆಸಿದ ಜಾಗ ಯಾವುದು ಅಂತ ಅಲ್ಲಿ ಮೇಕೆ ಕಾಯುತ್ತಿದ್ದ ಮುದುಕರನ್ನು ಕೇಳಿಕೊಂಡು ಬಂದರು. ನಿಮ್ಮ 460 ಅಡಿ ಓದಿದಾಗ ನನಗೆ ಅದೇ ನೆನಪಾಯಿತು ತಾಯಿ.

ಕೋಟೆ ಬಾಗಿಲು

ಅಜ್ಜಾರೇ, ಆ ಪತ್ರಿಕೆಗಳು ಈಗ ಎಲ್ಲಿವೆ?

ಕೈಬರಹ

ಶಾಲೆಯ ಬೀರುವಿನಲ್ಲಿದ್ದವು. ಕಟ್ಟಡ ರಿಪೇರಿ ಮಾಡಿಸುವಾಗ ರದ್ದಿಗೆ ಹೋದವು ಅಂತ ಕೇಳಿದೆ.

ವಿದ್ಯಾನಗರ ಲಾಸ್ಟ್ ಸ್ಟಾಪ್

ಮೇಡಂ, ನಾನು ಕಂಪ್ಯೂಟರ್ ಕೆಲಸದವನು, ನಿಮ್ಮ ಸಮಸ್ಯೆಗೆ ಮುಚ್ಚೋದು ಔಷಧಿ ಅಲ್ಲ. ಸೆಟ್ಟಿಂಗ್ಸ್ ನೋಡಿ. ಬ್ಲಾಗರ್‌ನಲ್ಲಿ ಓದುಗರ ಪ್ರವೇಶ ಅಂತ ಇದೆ, ಅದನ್ನು ಖಾಸಗಿ ಮಾಡಿದರೆ ನೀವು ಕರೆದವರು ಮಾತ್ರ ಓದಬಹುದು. ಆದರೆ ಆಗ ಬೆಂಗಳೂರಿನ ಡ್ರೈವರಣ್ಣ ಬರಲ್ಲ, ಅದನ್ನೂ ಯೋಚಿಸಿ. ಮಧ್ಯದ ದಾರಿ ಅಂದರೆ ಬ್ಲಾಗ್ ಎಲ್ಲರಿಗೂ ಕಾಣಲಿ, ಗೂಗಲ್ ಹುಡುಕಾಟದಲ್ಲಿ ಬರಬಾರದು ಅಂತ ಒಂದು ಆಯ್ಕೆ ಇದೆ, ಅದನ್ನು ಹಾಕಿ. ಕಾಮೆಂಟ್ ನೀವು ಒಪ್ಪಿದ ಮೇಲೇ ಕಾಣಿಸಬೇಕು ಅನ್ನೋದನ್ನೂ ಹಾಕಿ.

ಮಕ್ಕಳ ಹೆಸರಿನಲ್ಲಿ ಖಾತೆ ತೆರೆಸಬೇಡಿ. ಗೂಗಲ್ ಖಾತೆಗೆ 13 ತುಂಬಿರಬೇಕು, ಸುಳ್ಳು ಜನ್ಮದಿನಾಂಕ ಹಾಕಿಸೋದು ನಾವೇ ಕಲಿಸಿದ ಹಾಗಾಗುತ್ತೆ. ಖಾತೆ ನಿಮ್ಮದೊಂದೇ ಇರಲಿ. ಶಾಲೆಯ ಇನ್ನೊಬ್ಬ ಟೀಚರನ್ನೂ ಅಡ್ಮಿನ್ ಮಾಡಿ. ವರ್ಗಾವಣೆ ಆದರೆ ಅನಾಥ ಆಗೋದು ತಪ್ಪುತ್ತೆ.

ಒಂದು ಸಣ್ಣ ಪ್ರಶ್ನೆ. ನೀವು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅಂಟಿಸುತ್ತೀರಾ?

ಒಂಬತ್ತನೇ ಕ್ಲಾಸ್ ಮಿಸ್

ಅಯ್ಯೋ, ಮೊದಲ ವಾರ ಅದೇ ಆಗಿದ್ದು. ಆಫೀಸಿನ ಕಂಪ್ಯೂಟರಿನಲ್ಲಿ ಹಳೇ ನುಡಿ. ಅಲ್ಲಿ ಚೆಂದ ಕಾಣೋದು, ಬ್ಲಾಗಿಗೆ ಅಂಟಿಸಿದರೆ ಬರೀ ಇಂಗ್ಲಿಷ್ ಅಕ್ಷರ, ಸೊಟ್ಟ ಗೀಟು. ಮಕ್ಕಳು "ಮಿಸ್, ಬ್ಲಾಗಿಗೆ ಗಾಳಿ ಮೆಟ್ಟಿದೆ" ಅಂತ ನಕ್ಕರು. ಆಮೇಲೆ ಯೂನಿಕೋಡ್ ಅಂತ ಯಾರೋ ಹೇಳಿಕೊಟ್ಟರು. ಈಗ ಫೋನಿನಲ್ಲೇ ಮಾಡುತ್ತೇನೆ. ಕೆಲವು ಮಕ್ಕಳು ಮಾತಾಡಿ ಟೈಪ್ ಮಾಡಿಸುತ್ತಾರೆ. ಒಬ್ಬ "ಸೇಂಗಾ" ಅಂದರೆ ಫೋನು "ಸಿಂಹ" ಅಂತ ಬರೆಯಿತು. "ನಮ್ಮಪ್ಪ ಎರಡು ಎಕರೆ ಸಿಂಹ ಹಾಕಿದ್ದಾರೆ" ಅಂತಲೇ ಪ್ರಕಟ ಆಯಿತು, ಎರಡು ದಿನ ಯಾರೂ ನೋಡಲಿಲ್ಲ.

ಮಂಡಕ್ಕಿ ಮಿರ್ಚಿ

ಎರಡು ಎಕರೆ ಸಿಂಹ 😂 ಜಗಳೂರಲ್ಲಿ ಮಳೆ ಇಲ್ಲದಿದ್ದರೂ ಬೆಳೆಯೋ ಬೆಳೆ.

ಕಾಲೇಜು ಮೇಷ್ಟ್ರು

ನಾನು ಬೇರೆ ಅನುಭವ ಹೇಳುತ್ತೇನೆ, ಸ್ವಲ್ಪ ಕಹಿ. ಡಿಗ್ರಿ ಮಕ್ಕಳಿಗೆ ಇಂಟರ್ನಲ್ಸ್‌ನಲ್ಲಿ 5 ಅಂಕ ಇಟ್ಟು "ಎಲ್ಲರೂ ಒಂದೊಂದು ಬ್ಲಾಗ್ ಮಾಡಿ" ಅಂದೆ. 46 ಮಕ್ಕಳು, 46 ಬ್ಲಾಗ್. ಖುಷಿಯೋ ಖುಷಿ. ತೆಗೆದು ನೋಡಿದರೆ ಮೂವತ್ತಕ್ಕಿಂತ ಜಾಸ್ತಿ ಬ್ಲಾಗಿನಲ್ಲಿ ವಿಕಿಪೀಡಿಯಾದಿಂದ ಎತ್ತಿದ್ದು, ಅಡಿಟಿಪ್ಪಣಿಯ ನಂಬರ್ ಸಹಿತ. ಒಬ್ಬನಂತೂ ಪಕ್ಕದವನ ಬ್ಲಾಗನ್ನೇ ಎತ್ತಿ, ಅವನ ಹೆಸರು ಅಳಿಸೋದನ್ನೂ ಮರೆತಿದ್ದ. ಸೆಮಿಸ್ಟರ್ ಮುಗಿದ ಮೇಲೆ ಒಂದೂ ಬ್ಲಾಗಿನಲ್ಲಿ ಒಂದು ಸಾಲು ಹೊಸದಾಗಿ ಬರಲಿಲ್ಲ.

ನಮ್ಮಲ್ಲಿ ಮಾತ್ರ ಅಂತಲ್ಲ. 2011ರಲ್ಲಿ ಪುಣೆಯ ಕೆಲವು ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಾಕ್ಕೆ ಬರೆಸುವ ಪ್ರಯೋಗ ಆಗಿತ್ತು. ಕೃತಿಚೌರ್ಯದ ರಾಶಿ ಬಂದು, ಅಲ್ಲಿನ ಹಳೇ ಸಂಪಾದಕರು ಅಳಿಸಿ ಅಳಿಸಿ ಸುಸ್ತಾಗಿ, ಕೊನೆಗೆ ಅದನ್ನು ನಿಲ್ಲಿಸಬೇಕಾಯಿತು. ಅಂಕಕ್ಕೆ ಅಂತ ಬರೆಸಿದರೆ ಅಂಕಕ್ಕೆ ಎಷ್ಟು ಬೇಕೋ ಅಷ್ಟೇ ಬರೆಯುತ್ತಾರೆ. ಈಗಂತೂ ಎಐ ಬಂದಿದೆ, ಎತ್ತೋ ಶ್ರಮವೂ ಇಲ್ಲ. ಹಚ್ಚ ಹಸಿರಿನ ಊರು ವಾಪಸ್ ಬಂದಿದೆ, ಈ ಸಲ ಒಂದೂ ಕಾಗುಣಿತದ ತಪ್ಪಿಲ್ಲದೆ.

ನಿಮ್ಮ ಹುಡುಗಿಯದು ಹೇಗೆ ಬೇರೆಯಾಯಿತು? ಅಂಕ ಇಟ್ಟಿದ್ದಿರಾ?

ಒಂಬತ್ತನೇ ಕ್ಲಾಸ್ ಮಿಸ್

ಇಲ್ಲ ಸರ್. ಅಂಕ ಇಡಲಿಲ್ಲ. ಕಡ್ಡಾಯವೂ ಅಲ್ಲ. 37ರಲ್ಲಿ 14 ಜನ ಒಂದು ಸಲವೂ ಬರೆದಿಲ್ಲ. ಅದನ್ನೂ ಹೇಳಿಬಿಡಬೇಕು.

ಫಲಿತಾಂಶ ಮುಖ್ಯ

ನೋಡಿ, 14 ಜನ! ಯಾರು ಬರೆಯಬೇಕಿತ್ತೋ ಅವರೇ ಬರೆದಿಲ್ಲ. ಬರೆದವರು ಬ್ಲಾಗ್ ಇಲ್ಲದಿದ್ದರೂ ಬರೆಯುತ್ತಿದ್ದವರು.

ಹಿಂದಿನ ಬೆಂಚು

ನಾನು ಈಗ ದಾವಣಗೆರೆಯಲ್ಲಿ ಪಿಯು ಓದುತ್ತಿದ್ದೇನೆ. ಹೈಸ್ಕೂಲಿನಲ್ಲಿ ನಮಗೂ ಒಬ್ಬ ಸೈನ್ಸ್ ಸರ್ ಬ್ಲಾಗ್ ಮಾಡಿಸಿದ್ದರು. ದೊಡ್ಡವರೇ ಮಾತಾಡ್ತಿದ್ದೀರಲ್ಲ, ಬರೆದವನ ಕಡೆಯಿಂದಲೂ ಕೇಳಿ.

ನಮ್ಮ ಮನೆಯಲ್ಲಿ ಇದ್ದಿದ್ದು ಒಂದೇ ಫೋನ್, ಅಪ್ಪನದು. ಅಪ್ಪ ಹಮಾಲಿ ಕೆಲಸಕ್ಕೆ ಹೋಗಿ ರಾತ್ರಿ ಒಂಬತ್ತಕ್ಕೆ ಬರೋರು. ಫೋನ್ ಮೊದಲು ತಮ್ಮನ ಕೈಗೆ, ಆಮೇಲೆ ಅಮ್ಮ ಅಜ್ಜಿ ಊರಿಗೆ ಮಾತಾಡೋಕೆ. ನನ್ನ ಪಾಳಿ ಬರುವ ಹೊತ್ತಿಗೆ ಹತ್ತೂವರೆ, ಚಾರ್ಜ್ ಶೇಕಡಾ 12. ಅಕ್ಕನ ಪಾಳಿ ಬರ್ತಾನೇ ಇರಲಿಲ್ಲ. ಆ 14 ಜನರಲ್ಲಿ ಹುಡುಗಿಯರು ಎಷ್ಟು ಅಂತ ಮೇಡಂ ಒಂದು ಸಲ ನೋಡಬೇಕು.

ಇನ್ನೊಂದು ವಿಷಯ ನಾಚಿಕೆ ಬಿಟ್ಟು ಹೇಳುತ್ತೇನೆ. ನಾನು ಹಾವುಗಳ ಬಗ್ಗೆ ಒಂದು ಲೇಖನ ಬರೆದೆ. ಕೊಳಕುಮಂಡಲಕ್ಕೂ ಹೆಬ್ಬಾವಿನ ಮರಿಗೂ ಇರುವ ವ್ಯತ್ಯಾಸ. ಕಷ್ಟಪಟ್ಟು ಬರೆದಿದ್ದೆ. ದಿನಾ ಹೋಗಿ ನೋಡೋದು, ಕಾಮೆಂಟ್ ಸೊನ್ನೆ. ಒಂದು ವಾರ ಆದ ಮೇಲೆ ನಾನೇ ಅನಾಮಿಕ ಅಂತ ಹೋಗಿ "ಸೂಪರ್ ಲೇಖನ" ಅಂತ ಹಾಕಿಕೊಂಡೆ. ಮಾರನೇ ದಿನ ಸರ್ ಕ್ಲಾಸಿನಲ್ಲಿ "ಯಾರೋ ಓದುಗರು ಮೆಚ್ಚಿದ್ದಾರೆ ನೋಡು" ಅಂದರು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಆಮೇಲೆ ಬರೆಯಲಿಲ್ಲ. ಮಿಸ್, ನಿಮ್ಮ ಹುಡುಗಿಗೆ ಆ ಡ್ರೈವರಣ್ಣ ಸಿಕ್ಕಿದ್ದೇ ಅದೃಷ್ಟ. ಅವರೂ "ಸೂಪರ್" ಅಂದಿದ್ದರೆ ಬಿಲ್ಲು ಹುಡುಕ್ತಾ ಇರಲಿಲ್ಲ.

ಕೆರೆ ಏರಿ

ತಮ್ಮಾ, ಕೊಳಕುಮಂಡಲದ ಲೇಖನ ಈಗಲೂ ಇದ್ದರೆ ಹಾಕಪ್ಪ, ನಮ್ಮ ತೋಟಕ್ಕೆ ಬೇಕು.

ಹಿಂದಿನ ಬೆಂಚು

ಸರ್‌ಗೆ ವರ್ಗಾವಣೆ ಆಯಿತು, ಬ್ಲಾಗ್ ತೆಗೆದುಬಿಟ್ಟಿದ್ದಾರೆ. 🙂

ಊರ ಪುಟ

ಬ್ಲಾಗ್ ಬದಲು ಕನ್ನಡ ವಿಕಿಪೀಡಿಯಾ ಯಾಕೆ ಮಾಡಬಾರದು? 2003ರಿಂದ ಇದೆ, ಯಾರ ಮನೆಯ ಸ್ವತ್ತೂ ಅಲ್ಲ, ವರ್ಗಾವಣೆ ಆದರೂ ಉಳಿಯುತ್ತೆ. ನಾವು ಹೊಸದುರ್ಗ ಕಡೆ ಒಂದು ಶಾಲೆಯಲ್ಲಿ ಮಕ್ಕಳ ಜೊತೆ ಅವರ ಊರಿನ ಪುಟ ಮಾಡಿದೆವು. ಮೊದಲ ಸಲ ಅಳಿಸಿಹಾಕಿದರು. ಯಾಕೆ ಅಂದರೆ ಊರಿನ ಹೆಸರು ಹೇಗೆ ಬಂತು ಅಂತ ಒಬ್ಬ ಅಜ್ಜಿ ಹೇಳಿದ್ದನ್ನು ಬರೆದಿದ್ದೆವು. ಅಲ್ಲಿ ಅಜ್ಜಿ ಹೇಳಿದ್ದು ಆಧಾರ ಅಲ್ಲ, ಎಲ್ಲಾದರೂ ಅಚ್ಚಾಗಿರಬೇಕು. ಮಕ್ಕಳು ಸಿಟ್ಟಾದರು, "ಅಜ್ಜಿ ಸುಳ್ಳು ಹೇಳ್ತಾಳಾ?" ಅಂತ. ಆಮೇಲೆ ಜನಗಣತಿ, ಗೆಜೆಟಿಯರ್ ಹುಡುಕಿ ಮತ್ತೆ ಬರೆದರು. ಪುಟ ಉಳಿದಿದೆ.

ಕೈಬರಹ

ಅಜ್ಜಿಯ ಮಾತು ಎಲ್ಲಿ ಬರೆದಿರಿ ಹಾಗಾದರೆ?

ಊರ ಪುಟ

ಎಲ್ಲೂ ಇಲ್ಲ. ನೀವು ಕೇಳಿದ ಮೇಲೆ ಚುರುಕ್ ಅಂತು. ಅದಕ್ಕೆ ಬ್ಲಾಗೇ ಸರಿ ಅನ್ನಿಸುತ್ತೆ.

ಕೋಟೆ ಬಾಗಿಲು

ದಾವಣಗೆರೆಯವರು ಇಷ್ಟೊಂದು ಓದು ಬರಹದ ವಿಷಯ ಮಾತಾಡ್ತಿರೋದು ನೋಡಿ ಸಂತೋಷ. 1997ರ ತನಕ ಜಗಳೂರೂ ನಮ್ಮ ದುರ್ಗದ ಜಿಲ್ಲೆಯೇ, ಆ ಗಾಳಿ ಇನ್ನೂ ಇದೆ.

ಮಂಡಕ್ಕಿ ಮಿರ್ಚಿ

ಜಿಲ್ಲೆ ಬಿಟ್ಟು ಬಂದಿದ್ದಕ್ಕೇ ನಮಗೆ ಬೆಣ್ಣೆದೋಸೆ ಉಳಿದಿದ್ದು. ನಿಮ್ಮ ಕಡೆ ಬೋರ್ಡಿನಲ್ಲಿ ಮಾತ್ರ "ದಾವಣಗೆರೆ ಬೆಣ್ಣೆದೋಸೆ", ಹಂಚಿನ ಮೇಲೆ ಎಣ್ಣೆ.

ಕೋಟೆ ಬಾಗಿಲು

ನಿಮಗೆ ದೋಸೆ ಇರಲಿ, ನಮಗೆ ವಾಣಿವಿಲಾಸ ಸಾಗರ ಇದೆ. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ದಾವಣಗೆರೆಯಿಂದಲೇ ಎಷ್ಟು ಕಾರು ಬಂದಿದ್ದವು ಗೊತ್ತಾ.

ನಿರ್ವಾಹಕ

ದೋಸೆ, ಡ್ಯಾಂ ಎರಡಕ್ಕೂ ಬೇರೆ ಜಾಗ ಇದೆ. ಇಲ್ಲಿ ಬ್ಲಾಗ್.

ಹಳೇ ಮೌಸು

ಒಂದು ಹಳೆಯ ಮಾತು ಸೇರಿಸುತ್ತೇನೆ. ನಮ್ಮ ಸರ್ಕಾರಿ ಹೈಸ್ಕೂಲ್ ಶಿಕ್ಷಕರು ಇದನ್ನೆಲ್ಲ ಈಗ ಕಲಿಯುತ್ತಿದ್ದೇವೆ ಅಂದುಕೊಳ್ಳಬೇಡಿ. ಹತ್ತು ಹದಿನೈದು ವರ್ಷದ ಹಿಂದೆಯೇ ವಿಷಯ ಶಿಕ್ಷಕರ ವೇದಿಕೆ ಅಂತ ಇಮೇಲ್ ಗುಂಪುಗಳಿದ್ದವು. ಗಣಿತಕ್ಕೊಂದು, ವಿಜ್ಞಾನಕ್ಕೊಂದು, ಸಮಾಜಕ್ಕೊಂದು. ತರಬೇತಿಯಲ್ಲಿ ಉಬುಂಟು, ಜಿಯೋಜೀಬ್ರಾ ಅನ್ನುವ ಉಚಿತ ತಂತ್ರಾಂಶ ಕಲಿಸಿದರು. ಬೀದರಿನ ಮೇಷ್ಟ್ರು ರಾತ್ರಿ ಒಂದು ಪ್ರಶ್ನೆ ಹಾಕಿದರೆ ಬೆಳಗ್ಗೆ ಕೊಳ್ಳೇಗಾಲದಿಂದ ಉತ್ತರ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಅಂತ ವಿಕಿ ಬಂತು, ಶಿಕ್ಷಕರೇ ಬರೆದು ತಿದ್ದುವ ಥರ. ಆಮೇಲೆ ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂತು, ವಾಟ್ಸಾಪ್ ಬಂತು, ಉದ್ದುದ್ದ ಬರೆಯುವ ಅಭ್ಯಾಸವೇ ಹೋಯಿತು. ಇಮೇಲಿನಲ್ಲಿ ಎರಡು ಪ್ಯಾರಾ ವಾದ ಮಾಡುತ್ತಿದ್ದವರು ಈಗ ಹೆಬ್ಬೆಟ್ಟು ತೋರಿಸಿ ಸುಮ್ಮನಾಗುತ್ತಾರೆ. ಹೆಬ್ಬೆಟ್ಟು ಒತ್ತೋದನ್ನು ತಪ್ಪಿಸೋಕೆ ತಾನೇ ನಾವು ಶಾಲೆ ತೆರೆದಿದ್ದು?

ಜಾಲತಾಣ ಯಾವುದು ಅನ್ನೋದಕ್ಕೆ ಜಾಸ್ತಿ ಅಂಟಿಕೊಳ್ಳಬೇಡಿ. ಆರ್ಕುಟ್ 2014ರಲ್ಲಿ ಹೋಯಿತು. ಯಾಹೂ ಗ್ರೂಪ್ಸ್ 2020ರಲ್ಲಿ. ಶಾಲೆಗಳಿಗಂತಲೇ ಇದ್ದ ಎಡ್ಮೋಡೋ 2022ರಲ್ಲಿ ಬಾಗಿಲು ಹಾಕಿತು. ಬ್ಲಾಗರ್ 1999ರಿಂದ ಬದುಕಿರೋದೇ ಆಶ್ಚರ್ಯ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಇಳಿಸಿಕೊಳ್ಳುವ ಆಯ್ಕೆ ಇದೆ, ತಿಂಗಳಿಗೊಮ್ಮೆ ಇಳಿಸಿ ಪೆನ್‌ಡ್ರೈವಿಗೆ ಹಾಕಿ. ಅಜ್ಜಾರ ಪತ್ರಿಕೆಯ ಹಾಗೆ ರದ್ದಿಗೆ ಹೋಗಬಾರದು.

ಕರಿ ಕೋಟು

ವಕೀಲನಾಗಿ ಎರಡು ಮಾತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಕಾಯ್ದೆ ಬಂದಿದೆ. ಅದರಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಬೇಕು ಅನ್ನೋದು ಅದರ ಧಾಟಿ. ನಿಮ್ಮ ಬ್ಲಾಗಿಗೆ ಅದು ಎಷ್ಟು ಅನ್ವಯ ಅಂತ ಕೋರ್ಟಿನ ಥರ ವಾದಿಸುವ ಬದಲು, ಒಂದು ಹಾಳೆಯ ಒಪ್ಪಿಗೆ ಪತ್ರ ಕನ್ನಡದಲ್ಲಿ ಬರೆದು ಮನೆಗೆ ಕಳಿಸಿ. ಏನು ಹಾಕುತ್ತೀರಿ, ಏನು ಹಾಕಲ್ಲ, ತೆಗೆಯಿರಿ ಅಂದರೆ ಎಷ್ಟು ದಿನದಲ್ಲಿ ತೆಗೆಯುತ್ತೀರಿ. ಸಹಿ ಬರದಿದ್ದರೆ ಹಾಕಬೇಡಿ. ಮತ್ತೆ ಒಂದು ಪ್ರಶ್ನೆ ನಿಮ್ಮ ಹೆಡ್‌ಮಾಸ್ಟರಿಗೆ: ಅದೇ ಮಕ್ಕಳ ಪ್ರತಿಭಾ ಕಾರಂಜಿ ಫೋಟೋ ವಾಟ್ಸಾಪ್ ಗ್ರೂಪಿನಲ್ಲಿ ಹಾಕುವಾಗ ಯಾರ ಒಪ್ಪಿಗೆ ತೆಗೆದುಕೊಂಡಿದ್ದರು? ಅಲ್ಲಿ ಇನ್ನೂರು ಜನರ ನಂಬರ್ ಎಲ್ಲರಿಗೂ ಕಾಣುತ್ತೆ. ತಾಯಂದಿರ ನಂಬರ್ ಸಹಿತ.

ಇಬ್ಬರ ಅಮ್ಮ

ಇದು ನನಗೆ ಹೊಳೆದೇ ಇರಲಿಲ್ಲ. ನಿಜ. ಗ್ರೂಪಿನಿಂದ ನನ್ನ ನಂಬರ್ ತೆಗೆದುಕೊಂಡು ಟ್ಯೂಷನ್‌ನವರು ಫೋನ್ ಮಾಡಿದ್ದರು.

ಫಲಿತಾಂಶ ಮುಖ್ಯ

ಎಲ್ಲ ಸರಿ. ಆದರೆ ಆ 14 ಮಕ್ಕಳಿಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಸುಮ್ನೆ ಕಾಲೆಳೆಯೋಕೆ ಕೇಳ್ತಿಲ್ಲ. ಕೊರೊನಾ ವರ್ಷ ನಾನು ವಿದ್ಯಾಗಮದಲ್ಲಿ ಗುಡಿ ಕಟ್ಟೆಯ ಮೇಲೆ ಪಾಠ ಮಾಡಿದವನು. ಆನ್‌ಲೈನ್ ಅಂದಾಗ ಯಾರು ಹೊರಗೆ ಉಳಿದರು ಅಂತ ಕಣ್ಣಾರೆ ನೋಡಿದ್ದೇನೆ.

ಕೆರೆ ಏರಿ

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಸರ್. ಒಂದೇ ದಾರಿ ಅಂದರೆ ಮಕ್ಕಳು ಹಾಳೆಯಲ್ಲಿ ಬರೆಯಲಿ, ಟೈಪು ಶಾಲೆಯಲ್ಲೇ ಆಗಲಿ. ಮನೆಯ ಫೋನ್ ನಂಬಿಕೊಂಡರೆ ಹಿಂದಿನ ಬೆಂಚು ಹೇಳಿದ ಹಾಗೆ ಅಕ್ಕನ ಪಾಳಿ ಬರಲ್ಲ.

ಕೈಬರಹ

ಬ್ಲಾಗಿನಲ್ಲಿ ಬಂದಿದ್ದನ್ನು ಒಂದು ಪ್ರತಿ ಅಚ್ಚು ಹಾಕಿ ಗೋಡೆಗೆ ಅಂಟಿಸಿ. ಪಕ್ಕದಲ್ಲಿ ಒಂದು ಪೆನ್ಸಿಲ್ ದಾರದಲ್ಲಿ ಕಟ್ಟಿ ತೂಗುಬಿಡಿ.

ಒಂಬತ್ತನೇ ಕ್ಲಾಸ್ ಮಿಸ್ · ಶನಿವಾರ ರಾತ್ರಿ 8.55

ಸಭೆ ಮುಗಿಯಿತು. ತುಂಬ ಜನ ಕೇಳಿದ್ದರಿಂದ ಬರೆಯುತ್ತಿದ್ದೇನೆ.

ವಾದ ಏನೂ ಮಾಡಲಿಲ್ಲ. ಬೋರಿನ ಲೇಖನ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ, ಅದನ್ನೇ ಜೋರಾಗಿ ಓದಿದೆ. ಅಧ್ಯಕ್ಷರು ಮಧ್ಯೆ ತಡೆದು "460 ಅಡಿ ನಿಜವೇ, ಆ ಲಾರಿಗೆ ನಾನೇ ಡೀಸೆಲ್ ತಂದುಕೊಟ್ಟಿದ್ದು" ಅಂದರು. ಆಮೇಲೆ ಅರ್ಧ ಗಂಟೆ ಯಾರ ಹೊಲದಲ್ಲಿ ಎಷ್ಟು ಅಡಿ ಅನ್ನೋದೇ ಮಾತು, ಬ್ಲಾಗ್ ಮರೆತೇ ಹೋಗಿತ್ತು. ಕೊನೆಗೆ ಹೆಡ್‌ಮಾಸ್ಟರೇ ನೆನಪು ಮಾಡಿದರು. ಮಾರ್ಚ್ ತನಕ ನಡೆಸಿ, ಆಮೇಲೆ ನೋಡೋಣ ಅಂತ ಆಗಿದೆ. ಫೋಟೋ ಇಲ್ಲ, ಊರಿನ ಹೆಸರಿಲ್ಲ, ಮಕ್ಕಳ ಹೆಸರಿನ ಮೊದಲ ಅಕ್ಷರ ಮಾತ್ರ. ಒಪ್ಪಿಗೆ ಪತ್ರ ಕಳಿಸಿದೆ, ಈವರೆಗೆ 22 ಬಂದಿವೆ. ಅದರಲ್ಲಿ ಮೂರು ಹೆಬ್ಬೆಟ್ಟು, ಹಳೇ ಮೌಸು ಸರ್ ಕ್ಷಮಿಸಿ. ವಿಜ್ಞಾನದ ಮೇಡಂ ಎರಡನೇ ಅಡ್ಮಿನ್. ಶುಕ್ರವಾರ ಕೊನೆಯ ಪೀರಿಯಡ್ ಆಫೀಸಿನ ಕಂಪ್ಯೂಟರ್ ನಮಗೆ.

ಆ 14 ಮಕ್ಕಳ ಪಟ್ಟಿ ತೆಗೆದು ನೋಡಿದೆ. 11 ಹುಡುಗಿಯರು. ಒಂದು ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಬ್ಲಾಗಿನಿಂದ ಫೋಟೋ ತೆಗೆಸಿದ ಅಪ್ಪ ಸಹಿ ಹಾಕಿಲ್ಲ. ಹಾಕಲ್ಲ ಅಂತ ಹೇಳಿ ಕಳಿಸಿದ್ದಾರೆ. ಆದರೆ ಇವತ್ತು ಶಾಲೆ ಬಿಟ್ಟ ಮೇಲೆ ಆ ಹುಡುಗಿ ನಾಲ್ಕು ಮಡಿಕೆ ಮಾಡಿದ ಹಾಳೆ ನನ್ನ ಕೈಗಿಟ್ಟು "ಬ್ಲಾಗಿಗೆ ಬೇಡ ಮಿಸ್, ನೀವು ಓದಿ. ಅಕ್ಷರ ತಿದ್ದಬೇಡಿ, ಆಮೇಲೆ ಏನನ್ನಿಸ್ತು ಹೇಳಿ" ಅಂದಳು. ಇನ್ನೂ ಬಿಚ್ಚಿಲ್ಲ. ಊಟ ಆದ ಮೇಲೆ ಓದಬೇಕು.

ಹಿಂದಿನ ಬೆಂಚು

ಮಿಸ್, "ಸೂಪರ್" ಅಂತ ಮಾತ್ರ ಹೇಳಬೇಡಿ.

ಇಬ್ಬರ ಅಮ್ಮ

ಆ ಒಪ್ಪಿಗೆ ಪತ್ರದ ನಮೂನೆ ಇಲ್ಲಿ ಹಾಕುತ್ತೀರಾ ಮೇಡಂ? ನಮ್ಮ ಸ್ಕೂಲಿನವರಿಗೂ ತೋರಿಸುತ್ತೇನೆ.

ವಿದ್ಯಾನಗರ ಲಾಸ್ಟ್ ಸ್ಟಾಪ್

ಹಾಕಿ ಮೇಡಂ. ಹಳೇ ನುಡಿಯಲ್ಲಿ ಬೇಡ.